ಒರೆಸಿದ ಐದು ಎಲೆಗಳು

“ಅಯ್ಯೋ... ಮುಟ್ಟಬ್ಯಾಡ್ರೀ!”

ಸಾರಿಕಾಳ ಕೂಗಿಗೆ ಮಾಳಿಗೆಯ ಮೇಲಿದ್ದ ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿದವು.

ಆದರೆ ತಡವಾಗಿತ್ತು. ಕುಂಡದ ಮುಂದೆ ಮೊಣಕಾಲೂರಿ ಕುಳಿತಿದ್ದ ಆ ಅಪರಿಚಿತ ಯುವಕ ಒದ್ದೆ ಕರವಸ್ತ್ರದಿಂದ ಐದನೆಯ ಎಲೆಯನ್ನೂ ಒರೆಸಿ ಮುಗಿಸಿದ್ದ. ದಪ್ಪಗೆ ಬಿಳಿ ಪುಡಿ ಹೊದ್ದಿದ್ದ ಎಲೆಗಳು ಈಗ ಬರಿಮೈಯಲ್ಲಿ ಹಸಿರಾಗಿ ಹೊಳೆಯುತ್ತಿದ್ದವು.

“ಏನ ಮಾಡಾಕತ್ತೀರಿ ನೀವು?!”

“ಗಾಬರಿ ಆಗಬ್ಯಾಡ್ರಿ,” ಅವನು ನಕ್ಕ. “ಬೂದಿ ರೋಗ ಬಂದಿತ್ತು. ನಮ್ಮ ದ್ರಾಕ್ಷಿ ಬಳ್ಳಿಗೂ ಹಿಂಗ ಬರತೈತಿ. ಜಲ್ದಿ ಕಣ್ಣಿಗೆ ಬಿದ್ದದ್ದ ಚಲೋ ಆತು, ಇಲ್ಲಂದ್ರ ಗಿಡಾನ ಹೋಗತಿತ್ತು.”

“ರೋಗ ಅಲ್ರೀ ಅದು! ಬಿಸಲ ತಡಕೊಳ್ಳಾಕ ಅದು ಹೊದಕೊಂಡಿದ್ದ ಪುಡಿ! ದ್ರಾಕ್ಷಿ ಅಂತೀರಲ್ಲ... ಹಣ್ಣಿನ ಮ್ಯಾಲಿನ ಬಿಳಿ ಪುಡಿನೂ ಹಿಂಗ ಒರಸ್ತೀರೇನ?”

ಅವನ ನಗು ಆರಿಹೋಯಿತು. ದ್ರಾಕ್ಷಿ ಬೆಳೆಯುವವರ ಮನೆಯಲ್ಲಿ ಮಕ್ಕಳಿಗೂ ಗೊತ್ತಿರುವ ಮಾತದು. ಗೊನೆಯನ್ನು ತೊಟ್ಟು ಹಿಡಿದೇ ಎತ್ತಬೇಕು. ಹಣ್ಣಿಗೆ ಬೆರಳು ತಾಗಿ ಪುಡಿ ಹೋದರೆ ವ್ಯಾಪಾರಿ ಅದನ್ನು ಬದಿಗೆ ಸರಿಸುತ್ತಾನೆ.

“ಮತ್ತ... ತಿರುಗಿ ಬರೂದಿಲ್ಲೇನ್ರಿ ಅದು?”

“ಒರಸಿದ ಎಲಿಗೆ ಎಂದೂ ಬರೂದಿಲ್ಲ! ನಡುವಿನಿಂದ ಹೊಸಾವ ಬರಬೇಕು. ಇವು ಒಂದೊಂದ ಕೆಳಗ ಸರದು ಒಣಗಿ ಉದರಬೇಕು. ವರ್ಷಾನ ಹಿಡೀತೈತಿ!” ಸಾರಿಕಾಳ ಕಣ್ಣು ತುಂಬಿ ಬಂದವು.

ಅಳದೆ ಏನು ಮಾಡಿಯಾಳು! ಅದು ಅವಳೇ ಹುಟ್ಟಿಸಿದ ಗಿಡ. ನಿಪ್ಪಾಣಿಯ ಆ ಪುಟ್ಟ ಮಾಳಿಗೆಯ ತುಂಬ ಗುಲಾಬಿ ಅರಳಿದಂತೆ ಎಲೆಗಳನ್ನು ಸುತ್ತುಸುತ್ತಾಗಿ ಜೋಡಿಸಿಕೊಂಡ ಎಚೆವೇರಿಯಾ ಗಿಡಗಳು. ತಾಯಿ ಗೌರಾಬಾಯಿಯ ಕಣ್ಣಿಗೆ ಮಾತ್ರ ಅವೆಲ್ಲ ಕೋಸಿನ ಗಡ್ಡೆಗಳೇ. ನಾಲ್ಕು ವರ್ಷದ ಹಿಂದೆ ಸಾರಿಕಾ ಬಿಳಿ ಪುಡಿಯ, ದುಂಡು ಎಲೆಯ ಲಾವಿ ಎಂಬ ಗಿಡದ ಹೂವಿಗೆ, ಕೆಂಪು ಚೂಪು ತುದಿಯ ಇನ್ನೊಂದು ಜಾತಿಯ ಪರಾಗವನ್ನು ಸಣ್ಣ ಕುಂಚದಿಂದ ಮುಟ್ಟಿಸಿದ್ದಳು. ಹನ್ನೊಂದು ಸಸಿ ಹುಟ್ಟಿದವು. ಕೆಲವಕ್ಕೆ ತಾಯಿ ಗಿಡದ ಪುಡಿ ಬಂತು, ತುದಿ ಕೆಂಪಾಗಲಿಲ್ಲ. ಕೆಲವಕ್ಕೆ ತುದಿ ಕೆಂಪು, ಮೈ ಬೋಳು. ಎರಡನ್ನೂ ಪಡೆದು ಹುಟ್ಟಿದ್ದು ಒಂದೇ ಒಂದು... ಇದು!

ಹತ್ತು ನಿಮಿಷದ ನಂತರ, ಮುಖ ತೊಳೆದುಕೊಂಡು ಪೋಹೆಯ ತಟ್ಟೆ ಹಿಡಿದು ಪಡಸಾಲೆಗೆ ಬಂದ ಸಾರಿಕಾ ಹೊಸ್ತಿಲಲ್ಲೇ ನಿಂತುಬಿಟ್ಟಳು.

ಅಥಣಿ ಕಡೆಯಿಂದ ಅವಳನ್ನು ನೋಡಲು ಬಂದಿದ್ದ ವರ ಅವನೇ!

“ಇವ ನಮ್ಮ ಸಂಗ್ರಾಮ,” ಎಂದರು ಅವನ ಸೋದರತ್ತೆ ಅಕ್ಕುತಾಯಿ, ಹೆಮ್ಮೆಯಿಂದ. “ಕೈಯಾಗ ಬರಕತ್ತ ಐತಿ ನೋಡ್ರಿ, ಮುಟ್ಟಿದ್ದೆಲ್ಲ ಚಿಗರತೈತಿ.”

ಸಾರಿಕಾ ತಟ್ಟೆಯನ್ನು ಠಪ್ಪೆಂದು ಇಟ್ಟಳು. “ನನಗ ಈ ಸಂಬಂಧ ಬ್ಯಾಡ.”

“ಏ ಹುಚ್ಚಿ! ಸುಮ್ಕಿರ ಬೇ!” ಗೌರಾಬಾಯಿ ಮಗಳ ತೋಳು ಚಿವುಟಿದಳು.

ಸಂಗ್ರಾಮ ಎದ್ದು ನಿಂತ. “ಅವರಿಗೆ ಏನೂ ಅನಬ್ಯಾಡ್ರಿ. ತಪ್ಪ ನಂದು.” ನಂತರ ಸಾರಿಕಾಳ ಕಡೆ ತಿರುಗಿದ. “ಹದಿನೈದ ದಿನಕ್ಕೊಮ್ಮೆ ರವಿವಾರ ಬಂದ ಗಿಡಾ ನೋಡಿ ಹೋಗತೀನ್ರಿ. ಕೈ ಹಚ್ಚಂಗಿಲ್ಲ. ನಾ ಒರಸಿದ ಐದೂ ಎಲಿ ಉದರಿದ ದಿನಾ ನಮ್ಮದ ಮುಗೀತು. ಆಮ್ಯಾಲ ನಿಮಗ ಮಾರಿ ತೋರಸೂದಿಲ್ಲ.”

ಬರುತ್ತಾನೆಂದು ಯಾರೂ ನಂಬಲಿಲ್ಲ. ಅವನು ಬಂದ!

ಮೊದಲೆರಡು ಸಲ ಕೈ ಹಿಂದೆ ಕಟ್ಟಿಕೊಂಡು ನೋಡಿ, ನೀರು ಕೂಡ ಕುಡಿಯದೆ ಹೋದ. ಮೂರನೆಯ ಸಲ ಗೌರಾಬಾಯಿಯೇ ತಡೆಯಲಾರದೆ ಚಹಾ ಕೊಟ್ಟಳು. ನಾಲ್ಕನೆಯ ಸಲ ಹನ್ನೊಂದೂ ಸಸಿಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತು ಅವನು ಗಂಭೀರವಾಗಿ ಹೇಳಿದ:

“ಥೇಟ ನಮ್ಮ ಕಾಕಾನ ಮಕ್ಕಳ ಹಂಗ ಅದಾವಲ್ರಿ. ಒಬ್ಬಂವ ಕಾಕಾನ ಮೂಗ ತಗೊಂಡ, ಒಬ್ಬಾಕಿ ಕಾಕೂನ ಬಾಯಿ ತಗೊಂಡ್ಲು. ಆ ಬಾಯಿ ಬಂದಾಕಿಗಿ ಇನ್ನೂ ಗಂಡ ಸಿಕ್ಕಿಲ್ಲ!”

ಸಾರಿಕಾ ನಗಬಾರದೆಂದುಕೊಂಡಳು. ನಕ್ಕಳು. ನಕ್ಕದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು!

ಮೊದಲ ಎಲೆ ಶಿವರಾತ್ರಿಗೆ ಉದುರಿತು. ಎರಡನೆಯದು ಮಳೆಗಾಲದ ಆರಂಭಕ್ಕೆ. ಮೂರನೆಯದು ಉದುರಿದಾಗ ಅವಳಿಗೇಕೋ ಖುಷಿಯಾಗಲಿಲ್ಲ. ದೀಪಾವಳಿಗೆ ನಾಲ್ಕನೆಯದು ಬಿತ್ತು...

ಉಳಿದದ್ದು ಒಂದೇ.

‘ಇದೂ ಬಿದ್ದರೆ ಇವರು ಬರುವುದಿಲ್ಲ.’

ಆ ಯೋಚನೆ ಬಂದ ಮುಂಜಾನೆ ಸಾರಿಕಾ ಯಾರಿಗೂ ಕಾಣದಂತೆ ಒಂದು ಕೆಲಸ ಮಾಡಿದಳು. ಬಾಯಾರಿದಾಗ ಈ ಗಿಡ ತನ್ನ ಕೆಳಗಿನ ಎಲೆಯ ನೀರನ್ನೇ ಹೀರಿಕೊಳ್ಳುತ್ತದೆ, ಎಲೆ ಸೊರಗಿ ಬೀಳುತ್ತದೆ. ಬಾಯಾರದಿದ್ದರೆ? ಅವಳು ಎರಡು ಚಮಚ ನೀರು ಹೆಚ್ಚಿಗೆ ಹಾಕಿದಳು. ನೀರು ಹೆಚ್ಚಾದರೆ ಬುಡ ಕೊಳೆತು ಇಡೀ ಗಿಡವೇ ಹೋಗುತ್ತದೆಂದು ಊರಿಗೆಲ್ಲ ಹೇಳುವವಳು ಅವಳೇ! ಆದರೂ ವಾರ ವಾರವೂ ಹಾಕಿದಳು. ಎಲೆ ತುಂಬಿಕೊಂಡೇ ನಿಂತಿತು.

ಫೆಬ್ರುವರಿಯ ಒಂದು ರವಿವಾರ ಸಂಗ್ರಾಮ ಯಾಕೋ ಅವಸರದಲ್ಲಿ ಹೋದ. ಚಹಾ ಕುಡಿಯಲಿಲ್ಲ, ಕಣ್ಣಲ್ಲಿ ಕಣ್ಣಿಡಲಿಲ್ಲ. ಸಾರಿಕಾ ಮಾಳಿಗೆಗೆ ಓಡಿ ಬಗ್ಗಿ ನೋಡಿದಳು.

ಐದನೆಯ ಎಲೆ ಇರಲಿಲ್ಲ! ಕುಂಡದ ಸುತ್ತ ಎಲ್ಲೂ ಬಿದ್ದಿರಲಿಲ್ಲ!

‘ಕಿತ್ತುಕೊಂಡೇ ಹೋದರಲ್ಲ... ಇಷ್ಟು ಬೇಸರವಾಗಿತ್ತೇ ಬಂದು ಬಂದು?’

ಅವನ ಮುಂದಿನ ರವಿವಾರ ಬಂತು. ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಫೋನಿನಲ್ಲಿ ‘ಯಾಕ ಬರಲಿಲ್ರಿ’ ಎಂದು ಬರೆದಳು, ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು.

“ಎಷ್ಟ ಸರ್ತಿ ಒರಸ್ತಿ ಆ ಫೋನಾ?” ಗೌರಾಬಾಯಿ ಗೊಣಗಿದಳು. “ಬಾಯಿ ಐತಿ, ಬಸ್ ಅದಾವ. ಹೋಗಿ ಕೇಳಿ ಬಾ.”

ಮರುದಿನ ಮುಂಜಾನೆಯೇ ಸಾರಿಕಾ ಹೊರಟಳು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿದಳು. ಅಥಣಿಗೆ ಹತ್ತಿರವಾದಂತೆ ಸಿಟ್ಟೆಲ್ಲ ಎದೆಬಡಿತವಾಯಿತು.

ತೋಟದ ಬದಿಯಲ್ಲಿ ಹಸಿರು ಬಲೆಯ ಶೆಡ್ಡು. ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ಬಾಗಿಲಲ್ಲಿ ಒಣದ್ರಾಕ್ಷಿಯೊಳಗಿನ ಕಡ್ಡಿ ಆರಿಸುತ್ತ ಕುಳಿತಿದ್ದ ಆಳು ಹೆಂಗಸು ಕಾಳವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

“ನಮ್ಮ ಧಣ್ಯಾರನ್ನ ನೋಡಾಕ ಬಂದೀರೇನ್ರಿ ಅಕ್ಕಾರ? ಅಲ್ಲೇ ಅದಾರ ನೋಡ್ರಿ. ಎಲ್ಲಾರೂ ದ್ರಾಕ್ಷಿ ಒಣಗಿಸಿದ್ರ, ನಮ್ಮ ಧಣ್ಯಾರ ಒಂದ ಎಲಿ ಕಾಯಕೋತ ಕುಂತಾರ!”

ಒಳಗೆ, ಮೂಲೆಯಲ್ಲೊಂದು ತಟ್ಟೆ. ಒಣ ಮರಳು. ಅದರ ಮೇಲೆ, ಬೇರೊಡೆಯಲೆಂದು ಇಟ್ಟಂತೆ, ಆ ಎಲೆ.

ಸಂಗ್ರಾಮ ಗಡಬಡಿಸಿ ಎದ್ದ. “ನೀವು...?!”

“ಬ್ಯಾಸರ ಆಗಿದ್ರ ಹೇಳಬೇಕಿತ್ರಿ!” ಅವಳು ತಟ್ಟೆಯ ಕಡೆ ಬೆರಳು ತೋರಿಸಿದಳು. “ಕಿತ್ತಗೊಂಡ ಬರೂದ್ಯಾಕ ಬೇಕಾಗಿತ್ತು?”

“ನಾ ಕಿತ್ತಿಲ್ರಿ! ದೇವರಾಣಿ! ಉಸರ ತಾಗಿದ್ದಕ್ಕ ತಾನಾಗಿ ಬಿತ್ತು. ಬಿದ್ದ ಕೂಡಲೇ... ನನ್ನ ಕರಾರ ನೆನಪಾತು.” ಅವನು ತಲೆ ತಗ್ಗಿಸಿದ. “ಕಿಸೇದಾಗ ಹಾಕ್ಕೊಂಡ್ನಿ. ನೀವು ನೋಡಲಿಲ್ಲಂದ್ರ ಅದು ಉದರಿಲ್ಲ ಅಂತ ಅನಕೊಂಡ್ನಿ. ಆಮ್ಯಾಲ ನಿಮ್ಮ ಮುಂದ ನಿಂತ ಸುಳ್ಳ ಹೇಳಾಕ ಧೈರ್ಯ ಬರಲಿಲ್ಲ. ಖರೆ ಹೇಳಿದ್ರ ಎಲ್ಲಾ ಮುಗೀತಿತ್ತು. ಅದಕ್ಕ ಬರಲೇ ಇಲ್ಲ...”

ಸಾರಿಕಾ ತಟ್ಟೆಯ ಮೇಲೆ ಬಗ್ಗಿ ಎಲೆಯನ್ನು ನೋಡಿದಳು. ಹೊರಗೆ ಕಾಳವ್ವನ ಬಳೆಗಳ ಸದ್ದು ನಿಂತಿತ್ತು. ಆಕೆ ಕಿವಿಗೊಟ್ಟು ಕೇಳುತ್ತಿದ್ದಳು!

“ಆ ಎಲಿ ಡಿಸೆಂಬರದಾಗನ ಬೀಳಬೇಕಿತ್ರಿ,” ಎಂದಳು ಸಾರಿಕಾ, ತೀರ ಮೆಲ್ಲಗೆ.

“ಏನು?”

“ಬೀಳಬಾರದಂತ ನಾ ಹೆಚ್ಚಿಗಿ ನೀರ ಹಾಕಾಕತ್ತಿದ್ನಿ.”

ಅವನ ಕಣ್ಣು ಅಗಲವಾದವು. “ಅಲ್ರಿ... ಗಿಡಾ ಕೊಳತ ಹೋಗಿದ್ರ? ನಿಮ್ಮ ಕಡೆ ಅದು ಒಂದ ಐತಿ!”

“ಗೊತ್ತೈತ್ರಿ. ಅಂಥಾ ಗಿಡಾ ಇನ್ನೊಂದ ಹುಟ್ಟಿಸಾಕ ನನಗ ಬರತೈತಿ.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೀವ ಬರೂದ ನಿಂತ್ರ... ಅದಕ್ಕೇನ ಮಾಡಬೇಕಂತ ತಿಳೀಲಿಲ್ಲ.”

ಸಂಗ್ರಾಮ ಕೈ ತೋರಿಸಿ ಅವಳನ್ನು ಶೆಡ್ಡಿನ ಹಿಂದಕ್ಕೆ ಕರೆದೊಯ್ದ. ಅಲ್ಲಿ ಹೊಸದಾಗಿ ಕಟ್ಟಿದ ಕಟ್ಟಿಗೆಯ ಮೆಟ್ಟಿಲುಗಳು. ಮೇಲೆ ಅರ್ಧ ಬಲೆ, ಅರ್ಧ ಆಕಾಶ. ಒಂದು ಕುಂಡವೂ ಇಲ್ಲ.

“ಮುಂಜಾನಿ ಬಿಸಲು ಇಲ್ಲಿ ನಾಕ ತಾಸ ಇರತೈತಿ. ಗಡಿಯಾರ ಹಿಡಕೊಂಡ ಕುಂತ ನೋಡೇನ್ರಿ. ಮಧ್ಯಾನ್ಹ ಬಲಿ ನೆಳ್ಳ. ಗಾಳಿ ಎರಡೂ ಕಡೆಯಿಂದ.” ಅವನು ಮೆಟ್ಟಿಲಿನ ಅಂಚು ಸವರಿದ. “ಕೇಳೂ ಧೈರ್ಯ ಇರಲಿಲ್ಲ. ಕಟ್ಟೂ ಧೈರ್ಯ ಇತ್ತು.”

ಸಾರಿಕಾ ಒಂದೊಂದೇ ಮೆಟ್ಟಿಲ ಮೇಲೆ ಅಂಗೈ ಇಟ್ಟು ಬಿಸಿಲು ನೋಡಿದಳು. ಆಮೇಲೆ ಕೆಳಗಿನ ಮೆಟ್ಟಿಲ ತುದಿಯಲ್ಲಿ ಕುಳಿತಳು. ತುಟಿಯಂಚಿನಲ್ಲಿ ತುಂಟತನ.

“ಗಿಡಕ್ಕೆಲ್ಲ ಜಾಗಾ ಆತು. ನನ್ನ ಎಲ್ಲಿ ಇಡತೀರಿ?”

ಸಂಗ್ರಾಮ ಅವಳ ಪಕ್ಕ ಕುಳಿತ.

“ಇಲ್ಲೇ, ನನ್ನ ಮಗ್ಗಲದಾಗ. ಬಿಸಲ ಹೆಚ್ಚಾತಂದ್ರ ಹೇಳ್ರಿ... ನಾ ಆ ಕಡೆ ಬಂದ ನೆಳ್ಳಾಗಿ ಕುಂದರತೀನಿ.”

“ಹೆಚ್ಚಾಗೇತಿ,” ಎಂದಳು ಸಾರಿಕಾ. “ಬರ್ರಿ.”