ಹತ್ತು ಚೀಲದ ಗೆರೆ

ಅಮರಪ್ಪ ಮಾಸ್ತರ ಕೌದಿಯನ್ನು ಬೆಳಕಿಗೆ ಹಿಡಿದು ನೋಡಿದ. ಅವನ ಮುಖ ಸಪ್ಪಗಾಯಿತು.

"ಗೆರಿ ಕಡಕಡದು ಬಂದೈತಲ್ರಿ."

ಕಳಕಮ್ಮನಿಗೆ ಸಿಟ್ಟು ಬಂತು. ಯಲಬುರ್ಗಿಯಲ್ಲಿ ಅವಳ ಹೊಲಿಗೆಗೆ ಹೆಸರಿಟ್ಟವರಿರಲಿಲ್ಲ. ಕೌದಿಯ ಹೊಲಿಗೆಯೇ ಹಾಗೆ. ಸೂಜಿ ಒಮ್ಮೆ ಮುಳುಗಬೇಕು, ಒಮ್ಮೆ ಏಳಬೇಕು. ಶಾಲೆಯ ಕರಿಹಲಗೆ ಒಡೆದಿದೆ, ಯುದ್ಧ ಮುಗಿಯುವ ತನಕ ಹೊಸದು ಬರುವುದಿಲ್ಲ, ಲೆಕ್ಕ ಕಲಿಸಲು ಬಟ್ಟೆಯ ಮೇಲೊಂದು ಗೆರೆ ಬೇಕು ಎಂದು ಬಂದವನು ಇವನೇ. ಅವಳು ಅಜ್ಜಿಯ ಚೌಕಡಿ ಸೀರೆ ಮಡಚಿ, ಮೂಲೆಯಿಂದ ಅಡ್ಡಕ್ಕೆ ಹತ್ತು ಮನೆ, ಮೇಲಕ್ಕೆ ಹತ್ತು ಮನೆ ಎಣಿಸಿ, ಎರಡೂ ತುದಿ ಸೇರಿಸಿ ಬಿಳಿ ದಾರದ ಓರೆ ಗೆರೆ ಹೊಲಿದಿದ್ದಳು.

ಮೂರು ವಾರ ಅವನು ದಿನಾ ಸಂಜೆ ಬಂದಿದ್ದ. ಮನೆಯಲ್ಲಿ ಅವಳು, ಸೋದರತ್ತೆ ಗುರುಲಿಂಗಮ್ಮ, ಇಬ್ಬರೇ. ಹಾಗಾಗಿ ಹೊಸ್ತಿಲಾಚೆಯೇ ನಿಲ್ಲುತ್ತಿದ್ದ. ಅವಳು ಹಲ್ಲಿನಿಂದ ದಾರ ಕಡಿದರೆ ಬೇವಿನ ಮರ ನೋಡುತ್ತಿದ್ದ. ಅವಳು ಬೇವಿನ ಮರ ನೋಡಿದರೆ ಅವಳನ್ನು ನೋಡುತ್ತಿದ್ದ.

ಗೆರೆ ಕಡಿದರೇನಾಯಿತು ಎಂದು ಅವಳು ಕೇಳಿದಳು. ಅವನು ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತು ಹೇಳಿದ. ಮನೆಗೊಂದು ಚೀಲ. ಅಡ್ಡಕ್ಕೆ ಜೋಳದ ಚೀಲ, ಮೇಲಕ್ಕೆ ಹತ್ತಿಯ ಚೀಲ. ಎರಡೂ ಕೂಡಿ ಬಂಡಿಗೆ ಹತ್ತಕ್ಕಿಂತ ಹೆಚ್ಚಾಗಬಾರದು. ಒಂದೊಂದು ಚುಕ್ಕೆಯೂ ಒಂದೊಂದು ಹೇರು. ಗೆರೆಯ ಯಾವ ಕಡೆಯದನ್ನು ಎತ್ತುಗಳು ಎಳೆಯುತ್ತವೆ? ಬರಿಗಾಡಿಯನ್ನು ಕೇಳಬೇಕು. ಒಂದೂ ಚೀಲವಿಲ್ಲದ ಅದು ಇರುವುದು ಮೂಲೆಯಲ್ಲಿ, ಅದನ್ನು ಎಳೆಯುತ್ತವೆ. ಹಾಗಾದರೆ ಆ ಕಡೆಯದೆಲ್ಲ ನಡೆಯುತ್ತದೆ.

ಅಲ್ಲಿ ಎಷ್ಟು ಹೇರು ಹಿಡಿಯುತ್ತವೆ ಎಂದಳು. ಅರ್ಧ ಚೀಲ, ಕಾಲು ಚೀಲ, ಒಂದು ಹಿಡಿ, ಒಂದು ಕಾಳು ಎನ್ನುತ್ತ ಹೋದರೆ ಲೆಕ್ಕವೇ ಇಲ್ಲ, ಯಾವ ಎರಡು ಚುಕ್ಕೆಗಳ ನಡುವೆಯೂ ಇನ್ನೊಂದು ಇರುತ್ತದೆ ಎಂದ.

ಕಳಕಮ್ಮ ಕೌದಿಯನ್ನು ಮಡಿಲಿಗೆ ಎಳೆದುಕೊಂಡಳು. ಮಡಿಲಗಲದ ಬಟ್ಟೆ, ಅಜ್ಜಿ ಉಟ್ಟು ಸವೆಸಿದ್ದು. ಅದರ ಮೂಲೆಯಲ್ಲಿ ಎಣಿಸಿ ಮುಗಿಯದಷ್ಟು ಬಂಡಿಗಳು. ಮಲಗಿದ ಕೂಸನ್ನು ಮುಟ್ಟುವಂತೆ ಅಂಗೈಯಿಟ್ಟಳು.

"ಮತ್ತ ಗೆರಿ ಮ್ಯಾಲಿಂದು?"

"ತುಂಬಿದ ಗೆರಿ ಆದ್ರ ಹತ್ತೂ ಚೀಲ ನಡೀತಾವ್ರಿ. ಕಡದ ಗೆರಿ ಅಂದ್ರ, ಎಷ್ಟು ಸನೇಕ ಬಂದ್ರೂ ಗೆರಿ ಮುಟ್ಟಂಗಿಲ್ಲ."

ಮಾತು ನುಂಗುವ ಗಂಡಸಿನ ಕಾಲು ನೋಡಬೇಕು. ಅವನ ಹೆಬ್ಬೆರಳು ಹೊಸ್ತಿಲಿಗೆ ಒಂದು ಬೆರಳು ದೂರದಲ್ಲಿತ್ತು.

ಅಳವಂಡಿಯಿಂದ ಕಳಕಮ್ಮನನ್ನು ಮದುವೆಗೆ ಕೇಳಿದ್ದರು. ಶನಿವಾರ ಅತ್ತೆ ಒಪ್ಪಿಗೆ ಕಳಿಸುವವಳಿದ್ದಳು. ಇದನ್ನು ಅತ್ತೆಯೇ ಮಾಸ್ತರನಿಗೆ ಹೇಳಿದಾಗ, ಛಲೋ ಮನೆತನ ಎಂದು ಹೊಗಳಿ, ಹೋಗುವಾಗ ಸೂರಿಗೆ ಹಣೆ ಬಡಿಸಿಕೊಂಡಿದ್ದ.

ಶುಕ್ರವಾರ ಶಾಲೆಗೆ ಸೂಟಿ. ಕಳಕಮ್ಮ ಬೆಳಗಿನಿಂದ ಸೂಜಿಯನ್ನು ಹಿಂದಕ್ಕೆ ತಂದು, ಗೆರೆಯ ಒಂದೊಂದೇ ಸಂದು ತುಂಬಿದಳು. ಸಂಜೆ ಅಮರಪ್ಪ ಬಂದ. ಗೆರೆಯ ಮೇಲೆ ತುದಿಯಿಂದ ತುದಿಗೆ ಬೆರಳಾಡಿಸಿದ. ಎಲ್ಲೂ ಕಡಿದಿರಲಿಲ್ಲ.

"ಈಗ ಮುಟ್ಟಬೌದಲ್ರಿ?" ಎಂದಳು.

ಈ ಸಲ ಅವನು ಬೇವಿನ ಮರ ನೋಡಲಿಲ್ಲ.

"ಅಳವಂಡಿಗೆ ಹೇಳಿ ಕಳಸಬ್ಯಾಡ್ರಿ. ನಾ ಅದೀನಿ," ಎಂದವನೇ ಹೊಸ್ತಿಲ ಮೇಲೆ ಎರಡೂ ಕಾಲಿಟ್ಟು ನಿಂತುಬಿಟ್ಟ.

ಅಡುಗೆ ಮನೆಯಿಂದ ಗುರುಲಿಂಗಮ್ಮನ ದನಿ ಬಂತು. "ಹೊಸ್ತಿಲ ಮ್ಯಾಲೆ ನಿಂದರಬಾರದ್ರಿ ಮಾಸ್ತರ್ರ. ಹೊರಗರ ಹೋಗ್ರಿ, ಒಳಗರ ಬರ್ರಿ."

ಅಮರಪ್ಪ ಹಿಂದಕ್ಕೆ ಇಳಿದ. ಕಳಕಮ್ಮ ಎದ್ದು ನಿಂತಳು.

ಅವನು ಅಂಗಳದಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬಂದ.