ಫೋನ್ ಕೇಳದೇ ಬಿಟ್ಟ ಪ್ರಶ್ನೆ

“ನನ್ನ ಮುಖ ನೋಡಿ ಹೇಳ್ರಿ! ನಮಗ ಅಭಿಪ್ರಾಯನ ಇಲ್ಲೇನು?”

ಚಂದಾಪುರದ ಸಮುದಾಯ ಭವನದ ಬಾಗಿಲಲ್ಲೇ ಮಹಾನಂದಾ ಋಷಿಕೇಶನನ್ನು ತಡೆದು ನಿಲ್ಲಿಸಿದ್ದಳು. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹುಡುಗಿ. ಸಿಟ್ಟು ಬಂದರೆ ಎದುರಿಗೆ ಯಾರಿದ್ದಾರೆಂದು ನೋಡುವವಳಲ್ಲ!

ಸಿಟ್ಟು ಬಾರದೇ ಇರುತ್ತದೆಯೇ? ಬಿಸಿಲ ಕಾವು ಕಡಿಮೆ ಮಾಡಲು ಶೀಟಿನ ಮನೆಗಳ ಛಾವಣಿಗೆ ಬಿಳಿ ಬಣ್ಣ ಬಳಿಸುವ ಯೋಜನೆ ಅವಳ ವಠಾರಕ್ಕೆ ಬರಬೇಕಿತ್ತು. ‘ಹವಾಮಾನ ಬದಲಾವಣೆಯ ಬಗ್ಗೆ ಈ ವಠಾರದವರಿಗೆ ಅಭಿಪ್ರಾಯವಿಲ್ಲ’ ಎಂದು ಸಭೆಯಲ್ಲಿ ಈಗಷ್ಟೇ ಸಮೀಕ್ಷೆಯ ವರದಿ ಓದಿ, ಯೋಜನೆಯನ್ನು ಬೇರೆ ಕಡೆಗೆ ಕೊಡಲು ಹೊರಟಿದ್ದರು. ಸಮೀಕ್ಷೆ ಮಾಡಿದವನು ಇವನೇ!

ಎರಡು ತಿಂಗಳ ಹಿಂದೆ ಸಮೀಕ್ಷೆಗೆಂದು ಫೋನ್ ಹಿಡಿದು ಬಂದವನಿಗೆ ಅವಳು ಮಜ್ಜಿಗೆ ಕೊಟ್ಟಿದ್ದಳು. ಶೀಟಿನಡಿ ಅವ್ವ ರುಕ್ಮವ್ವ ಎಚ್ಚರ ತಪ್ಪಿ ಬಿದ್ದದ್ದನ್ನೂ ಹೇಳಿಕೊಂಡಿದ್ದಳು. ಆಮೇಲೆ ಪ್ರತಿ ಭಾನುವಾರ ಏನಾದರೊಂದು ನೆಪ ಹೇಳಿಕೊಂಡು ಬಂದ. ಇವಳೂ ಕಾದಳು... ಛೆ, ಇಂಥವನಿಗಾಗಿ ಕಾದೆನಲ್ಲ!

“ಹವಾಮಾನ ಬದಲಾವಣೆ ಅನ್ನೋ ಮಾತು ಕೇಳಿದ್ದೀರಾ ಅನ್ನೋದು ಮೊದಲನೇ ಪ್ರಶ್ನೆ. ನೀವೆಲ್ಲ ಇಲ್ಲ ಅಂದ್ರಿ. ಇಲ್ಲ ಅಂತ ಒತ್ತಿದ್ರೆ ಉಳಿದ ಪ್ರಶ್ನೆಗಳು ಫೋನಲ್ಲಿ ಬರೋದೇ ಇಲ್ಲ ಮಹಾನಂದಾ...”

“ಆ ಮಾತು ಕೇಳಿಲ್ರಿ. ಕಾವಿನ್ಯಾಗ ಬೇಯಾಕತ್ತೀವಲ್ಲ! ಫೋನಿಗೆ ಕಿವಿ ಇಲ್ಲ, ನಿಮಗ ಇದ್ವಲ್ಲ?”

ಅವನು ತಲೆ ತಗ್ಗಿಸಿದ. “ದಿನಕ್ಕೆ ಮೂವತ್ತು ಮನೆ ಮುಗಿಸ್ಬೇಕಿತ್ತು. ಸುಮ್ನೆ ಒತ್ಬಿಟ್ಟೆ. ತಪ್ಪು ನಂದೇ.”

“ನಮ್ಮವ್ವ ಬಿದ್ದಿದ್ದೂ ಸುಮ್ನೇನು?”

ಋಷಿಕೇಶ ಸರ್ರನೆ ಒಳಗೆ ಹೋಗಿ ಮೈಕ್ ಹಿಡಿದ.

“ಈ ವರದಿ ತಪ್ಪು ಸಾರ್. ಮಾಡಿದ್ದು ನಾನೇ. ಇವ್ರು ಹೇಳಿದ್ದನ್ನ ನಾನು ಬರೀಲೇ ಇಲ್ಲ.”

“ನಾಳೆಯಿಂದ ಕೆಲಸಕ್ಕೆ ಬರ್ಬೇಡ!” ಸಮೀಕ್ಷೆಯ ಮೇಲ್ವಿಚಾರಕ ಗದರಿದ.

ಅವನು ಮೈಕನ್ನು ಮಹಾನಂದಾಳ ಕೈಗಿಟ್ಟ. ಅವಳು ಒಳಗಿದ್ದುದನ್ನೆಲ್ಲ ಕಾರಿಬಿಟ್ಟಳು! ಅವಳ ಹಿಂದೆ ವಠಾರದ ಹತ್ತೊಂಬತ್ತು ಮನೆಯವರೂ ಎದ್ದು ನಿಂತರು. ಮತ್ತೊಮ್ಮೆ ಸಮೀಕ್ಷೆ ಮಾಡಿಸದೆ ಯೋಜನೆ ಎಲ್ಲಿಗೂ ಹೋಗುವುದಿಲ್ಲವೆಂದು ಸಭೆಯವರು ಒಪ್ಪಲೇಬೇಕಾಯಿತು.

ಹೊರಗೆ ಬಂದಾಗ ಇಬ್ಬರೇ.

“ಕೆಲಸ ಹೋತಲ್ರಿ...”

“ಹೋಗ್ಲಿ ಬಿಡಿ. ಇನ್ನೂ ಸಿಟ್ಟಾ?”

“ಭಾಳ ಐತಿ!”

“ನನ್ನ ಮೇಲೆ... ಪ್ರೀತಿ ಇದೆಯಾ?”

ಅಷ್ಟು ಸುಲಭಕ್ಕೆ ಹೇಳಿಬಿಡುವುದೇ?

“ಇಲ್ಲ!”

ಅವನ ಮುಖ ಬಾಡಿತು. ಹೊರಟ.

“ಇಲ್ಲ ಅಂದಕೂಡಲೆ ಹೊಂಟ್ಬಿಟ್ರಿ? ಉಳಿದ ಪ್ರಶ್ನಿ ಯಾರು ಕೇಳಬೇಕ್ರಿ?”

ಅವನು ಗಕ್ಕನೆ ನಿಂತ. “ಭಾನುವಾರ... ಮನೆಗೆ ಬರ್ಲಾ? ಅಮ್ಮನ್ನ ಕರ್ಕೊಂಡು?”

“ಬರ್ರಿ,” ಎಂದಳು ಕಣ್ಣೊರೆಸಿಕೊಳ್ಳುತ್ತ. “ಮಜ್ಜಿಗಿ ಮಾಡಿಟ್ಟಿರ್ತೀನಿ.”