ಬೊಂಡಾಸ್ ಡಬ್ಬಿಯ ಹಳದಿ ತಂತಿ

ಅವಿಲ್ ರೇಗೊ ಕಾಲಿನ ಹೆಬ್ಬೆರಳಿನಿಂದ ಡಬ್ಬಿಯ ಗುಂಡಿ ಒತ್ತಿ, ಗಿಟಾರಿನ ಎರಡನೆಯ ತಂತಿಯನ್ನು ಮೀಟಿದರು. ಮೀಟಿದ್ದು ಬಂದರಿನ ದೋಣಿಗಳಿಗೆ ವೈರಿಂಗ್ ಮಾಡಿ ಮಾಡಿ ಒರಟಾದ, ಐವತ್ತೇಳು ವರ್ಷದ ಬೆರಳು. ಆದರೆ ಸ್ಪೀಕರಿನಿಂದ ಹೊರಟ ಸ್ವರ ಆ ಬೆರಳಿನದ್ದಾಗಿರಲಿಲ್ಲ. ಅದು ಕೂದಲೆಳೆಯಷ್ಟು ತಡವಾಗಿ ಹುಟ್ಟಿ, ಸ್ವಲ್ಪ ಕೆಳಗಿನಿಂದ ಜಾರಿ ಮೇಲೆ ಬಂದು, ಕೊನೆಗೆ ಸಣ್ಣಗೆ ನಡುಗಿ ನಿಂತಿತು. ಲವೀಟಾ ನುಡಿಸುತ್ತಿದ್ದದ್ದು ಹಾಗೆಯೇ. ಲವೀಟಾ ಅವರ ಒಬ್ಬಳೇ ಮಗಳು. ಮೆದುಳು ಜ್ವರದಲ್ಲಿ ಒಂಬತ್ತು ದಿನ ಮಲಗಿ, ಹತ್ತನೆಯ ದಿನ ಅವಳು ತೀರಿಕೊಂಡು ಆಗ ಮೂರು ತಿಂಗಳಾಗಿತ್ತು. ಇಪ್ಪತ್ತನಾಲ್ಕು ವರ್ಷ, ಸಾಯುವ ಪ್ರಾಯವೇ ಅಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗ್ರೆಟ್ಟಾ ಸೌಟು ಹಿಡಿದ ಕೈಯನ್ನೇ ಬಾಯಿಗೆ ಅಡ್ಡ ಇಟ್ಟುಕೊಂಡರು.

"ಇನ್ನೊಮ್ಮೆ ನುಡಿಸಿ," ಎಂದರು.

ಅವಿಲ್ ಇನ್ನೊಮ್ಮೆ ನುಡಿಸಿದರು. ಮತ್ತೊಮ್ಮೆ ನುಡಿಸಿದರು. ಒಲೆಯ ಮೇಲಿದ್ದ ಸಾರು ತಳ ಹಿಡಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಇದು ಎರಡು ಸಾವಿರದ ಐವತ್ತೊಂಬತ್ತನೆಯ ಇಸವಿಯ, ಮಂಗಳೂರಿನ ಬೋಳಾರದ ಮಾತು. ಗಿಟಾರಿಗೂ ಸ್ಪೀಕರಿಗೂ ನಡುವೆ ಕಾಲಡಿಯಲ್ಲಿ ಇಟ್ಟುಕೊಳ್ಳುವ ಸಣ್ಣ ಲೋಹದ ಡಬ್ಬಿಗೆ ಪೆಡಲ್ ಎನ್ನುತ್ತಾರೆ. ತಂತಿಯಿಂದ ಬಂದ ವಿದ್ಯುತ್ತನ್ನು ತಿರುಚಿ, ಸ್ವರ ಗುರುಗುಟ್ಟುವಂತೆಯೋ ಮಾರ್ದನಿಸುವಂತೆಯೋ ಮಾಡುವುದು ಅದರ ಕೆಲಸ. ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೂ ಮನೆಯಲ್ಲೇ ಬೆಸುಗೆ ಹಾಕಿ, ಬಣ್ಣ ಬಳಿದು, ಅದಕ್ಕೊಂದು ಹೆಸರಿಟ್ಟು ಮುದ್ದು ಮಾಡುವ ಹುಚ್ಚು ಕೆಲವರಿಗೆ ಇರುತ್ತದೆ, ಮತ್ತು ಈ ಹುಚ್ಚಿಗೆ ಮದ್ದಿಲ್ಲ. ಐವತ್ತು ಡಬ್ಬಿ ಮಾಡಿದವನಿಗೆ ಐವತ್ತೊಂದನೆಯದು ಬಾಕಿ ಇರುತ್ತದೆ. ಅವಿಲ್ ಮತ್ತು ಲವೀಟಾ ಸೇರಿ ಮೂವತ್ತೆಂಟು ಮಾಡಿದ್ದರು. ಅಪ್ಪನದ್ದು ಬೆಸುಗೆ, ಮಗಳದ್ದು ಬಣ್ಣ. ಬಳಿದ ಬಣ್ಣ ಗಟ್ಟಿಯಾಗಲು ಖಾಲಿ ಡಬ್ಬಿಯನ್ನು ಗ್ರೆಟ್ಟಾರ ಕೇಕಿನ ಒವನಿನಲ್ಲಿಟ್ಟು ಬೇಯಿಸುತ್ತಿದ್ದರು. ಒಂದು ಕ್ರಿಸ್ಮಸ್‌ಗೆ ಮನೆಯ ಕುಸ್ವಾರಿನ ತಿಂಡಿಯೆಲ್ಲ ಎನಾಮೆಲ್ ವಾಸನೆ ಹೊಡೆದು, ನೆರೆಮನೆಗೆ ಹಂಚಲು ಮುಖವಿಲ್ಲದೆ ಗ್ರೆಟ್ಟಾ ಮೂರು ದಿನ ಇಬ್ಬರೊಂದಿಗೂ ಮಾತು ಬಿಟ್ಟಿದ್ದರು.

ಆ ಹವ್ಯಾಸಕ್ಕೆ ಹೊಸ ಜೀವ ಕೊಟ್ಟದ್ದು ಕೈಮಣಿ. ಸುರತ್ಕಲ್ ಕಡೆಯ ಒಂದು ಪ್ರಯೋಗಾಲಯದಲ್ಲಿ ಡಾ. ನಳಿನಾಕ್ಷಿ ಶೆಟ್ಟಿಗಾರ್ ಅದನ್ನು ಕಂಡುಹಿಡಿದದ್ದು ಕೈ ಕಳೆದುಕೊಂಡವರಿಗೆ ಜೋಡಿಸುವ ಕೃತಕ ಕೈಗಳಿಗಾಗಿ. ಸಾಮಾನ್ಯ ರೋಧಕವು ವಿದ್ಯುತ್ತನ್ನು ಯಾವಾಗಲೂ ಒಂದೇ ಪ್ರಮಾಣದಲ್ಲಿ ತಡೆಯುತ್ತದೆ. ಕೈಮಣಿಯೊಳಗಿನ ರೋಧಕಗಳು ಹಾಗಲ್ಲ. ತಮ್ಮ ಮೂಲಕ ಎಷ್ಟು ವಿದ್ಯುತ್ತು, ಹೇಗೆ ಹರಿಯಿತು ಎಂಬುದಕ್ಕೆ ತಕ್ಕಂತೆ ಅವು ತುಸು ಬದಲಾಗುತ್ತವೆ, ಮತ್ತು ಸ್ವಿಚ್ ಆರಿಸಿದ ಮೇಲೂ ಹಾಗೆಯೇ ಉಳಿಯುತ್ತವೆ. ಜನ ನಡೆದು ನಡೆದು ಹುಲ್ಲಿನಲ್ಲಿ ಕಾಲುದಾರಿ ಬೀಳುವುದಿಲ್ಲವೇ, ಹಾಗೆ. ಎಳ್ಳುಕಾಳಿನಷ್ಟು ಮಣಿಯಲ್ಲಿ ಅಂಥವು ಲಕ್ಷಗಟ್ಟಲೆ ಇದ್ದವು. ಒಬ್ಬರು ನೂರು ಗಂಟೆ ಗಿಟಾರ್ ನುಡಿಸಿದರೆ ಅವರ ಬೆರಳಿನ ಒತ್ತು, ತಡ, ನಡುಕ ಎಲ್ಲವೂ ಅದರಲ್ಲಿ ದಾರಿಯಾಗಿ ಬೀಳುತ್ತಿತ್ತು. ಆಮೇಲೆ ಬೇರೆ ಯಾರು ನುಡಿಸಿದರೂ ಮಣಿ ಅವರ ಸ್ವರವನ್ನು ಆ ಮೊದಲ ಕೈಯ ಕಡೆಗೆ ಎಳೆಯುತ್ತಿತ್ತು. ಹವ್ಯಾಸಿಗಳು ಇದನ್ನು ಬಿಡುತ್ತಾರೆಯೇ? ವರ್ಷದೊಳಗೆ ಊರೂರಿನ ಡಬ್ಬಿಗಳಲ್ಲಿ ಕೈಮಣಿ ಕೂತಿತು.

ಲವೀಟಾ ತನ್ನ ಮಣಿಯ ಡಬ್ಬಿಯ ಮೇಲೆ ಒಂದು ಬೊಂಡಾಸ್, ಅಂದರೆ ಸ್ಕ್ವಿಡ್ ಎಂಬ ಕಡಲಜೀವಿಯನ್ನು, ಬಿಡಿಸಿದ್ದಳು. ದೊಡ್ಡ ಕಣ್ಣಿನ, ನೇರಳೆ ಬಣ್ಣದ, ಸ್ವಲ್ಪ ಪೆದ್ದು ಮುಖದ ಬೊಂಡಾಸ್. ಅದರ ಉದ್ದುದ್ದ ಕೈಗಳು ಡಬ್ಬಿಯ ಬದಿಗಳನ್ನು ತಬ್ಬಿ, ಹಿಂದಿನ ಮುಚ್ಚಳಕ್ಕೆ ಹೋಗಿ, ನಾಲ್ಕು ತಿರುಪುಗಳ ತಲೆಯ ಮೇಲೇ ಕೊನೆಯಾಗುತ್ತಿದ್ದವು. ಅದರ ಮೇಲೆ ಮೂರು ಸಲ ವಾರ್ನಿಷ್ ಬೇರೆ.

"ತಿರುಪಿನ ಮೇಲೆ ಬಣ್ಣ ಹಾಕಿದ್ದೀಯಲ್ಲ ಮಾರಾಯ್ತಿ, ಇನ್ನು ಬಿಚ್ಚುದು ಹೇಗೆ?" ಎಂದು ಅವಿಲ್ ಅಂದು ಬೈದಿದ್ದರು. "ಹಳದಿ ತಂತಿ ಕತ್ತರಿಸ್ಲಿಕ್ಕೆ ಉಂಟು."

ಕಲಿಕೆಯ ತಂತಿ ಅದು. ಹಳದಿ ತಂತಿ ಇರುವಷ್ಟು ದಿನ ಮಣಿ ಕಲಿಯುತ್ತಲೇ ಇರುತ್ತದೆ. ಸಾಕೆನಿಸಿದಾಗ ಕತ್ತರಿಸಿಬಿಡಬೇಕು. ಸೂಚನಾಪತ್ರದಲ್ಲಿ ಹದಿನಾಲ್ಕನೆಯ ಅಂಶವಾಗಿ ಅದನ್ನು ಬರೆದಿತ್ತು.

"ನಾನೇ ಇನ್ನೂ ಸರಿ ಕಲೀಲಿಲ್ಲ ಪಪ್ಪಾ," ಎಂದಿದ್ದಳು ಲವೀಟಾ. "ಅದಕ್ಕೆ ಯಾಕೆ ಈಗಲೇ ಶಾಲೆ ಬಿಡಿಸುದು?"

ಅವಳು ಹೋದ ಮೇಲೆ ಅವಿಲ್ ಒಮ್ಮೆ ತಿರುಪುಳಿ ಹಿಡಿದು ಕೂತದ್ದುಂಟು. ಡಬ್ಬಿಯನ್ನು ಬೋರಲು ಹಾಕಿ, ತಿರುಪುಳಿಯ ಮೊನೆಯನ್ನು ಬೊಂಡಾಸಿನ ಕೈಗೆ ತಾಗಿಸಿ ನೋಡಿದರು. ಒತ್ತಿದರೆ ಬಣ್ಣ ಚೂರಾಗುವುದು ಖಂಡಿತ. ಆ ಬಣ್ಣದಲ್ಲಿ ಅವಳ ಕುಂಚದ ಒಂದು ಕೂದಲು ಸಿಕ್ಕಿಕೊಂಡಿತ್ತು. ಅವರು ಹತ್ತು ನಿಮಿಷ ಹಾಗೆಯೇ ಕೂತು, ತಿರುಪುಳಿಯನ್ನು ಪೆಟ್ಟಿಗೆಗೆ ಹಾಕಿ ಎದ್ದರು. ನೂರಕ್ಕೂ ಮಿಕ್ಕಿದ ಗಂಟೆಗಳ ಕಲಿಕೆ, ನನ್ನ ನಾಲ್ಕು ಮೀಟಿನಿಂದ ಏನು ಹೋಗುತ್ತದೆ ಎಂದುಕೊಂಡರು. ಮೂವತ್ತೆಂಟು ಡಬ್ಬಿ ಮಾಡಿದ ಮನುಷ್ಯನಿಗೆ ಗೊತ್ತಿಲ್ಲದ ವಿಷಯವಲ್ಲ ಅದು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದು ನಮಗೆಲ್ಲ ಬರುತ್ತದೆ.

ನಾಲ್ಕು ಮೀಟು ದಿನಕ್ಕೊಂದು ಗಂಟೆಯಾಯಿತು. ಸಂಜೆ ನಾಲ್ಕಕ್ಕೆ ಚಹಾ ಕುಡಿದು ಕೂತರೆ ಐದಕ್ಕೆ ಏಳುವುದು. ಲವೀಟಾ ಚರ್ಚಿನ ಗಾಯನವೃಂದದಲ್ಲಿ ನುಡಿಸುತ್ತಿದ್ದ ಕೀರ್ತನೆಗಳನ್ನೇ ನುಡಿಸುವುದು. ಮೊದಮೊದಲು ಕೈಗೂ ಕಿವಿಗೂ ಜಗಳವಾಗುತ್ತಿತ್ತು. ಅವರು ಒಂದು ನುಡಿಸಿದರೆ ಅದು ಇನ್ನೊಂದಾಗಿ ಕೇಳುತ್ತಿತ್ತು. ಬರಬರುತ್ತಾ ಜಗಳ ಕಡಿಮೆಯಾಯಿತು. ವರ್ಷ ದಾಟುವಷ್ಟರಲ್ಲಿ ಅವರ ಬೆರಳೂ ಮಗಳ ಸ್ವರವೂ ಒಂದಕ್ಕೊಂದು ಹೊಂದಿಕೊಂಡು ಹೋಗತೊಡಗಿದವು.

"ಈಗೀಗ ಅವಳು ಇನ್ನೂ ಹತ್ತಿರ ಬಂದ ಹಾಗೆ ಆಗ್ತದೆ ಗ್ರೆಟ್ಟಾ," ಎಂದು ಒಂದು ದಿನ ನಗುತ್ತಾ ಹೇಳಿದರು. ಗ್ರೆಟ್ಟಾ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದರು.

ಸಾವಿನ ಎರಡನೆಯ ವರ್ಷದ ಪೂಜೆ ಹತ್ತಿರ ಬಂದಾಗ ಅವಿಲ್‌ಗೆ ಹೊಸದೊಂದು ಭಯ ಹಿಡಿಯಿತು. ಡಬ್ಬಿ ಬಿದ್ದು ಮಣಿ ಒಡೆದರೆ? ಮಗಳು ಇನ್ನೊಮ್ಮೆ ಸತ್ತಂತೆ. ಮಣಿಯಿಂದ ಮಣಿಗೆ ನಕಲು ಮಾಡುವ ಯಂತ್ರ ಡಾ. ನಳಿನಾಕ್ಷಿಯವರ ಬಳಿ ಇದೆಯೆಂದು ಕೇಳಿ ಪತ್ರ ಬರೆದರು. ಬರಬಹುದು, ಮಗಳು ನುಡಿಸಿದ ಯಾವುದಾದರೂ ಧ್ವನಿಮುದ್ರಣ ಇದ್ದರೆ ತನ್ನಿ ಎಂದು ಅವರು ಉತ್ತರಿಸಿದರು. ಇದ್ದದ್ದು ಇಪ್ಪತ್ತು ಜನರ ಹಾಡಿನ ಹಿಂದೆ ಎಲ್ಲೋ ಗಿಟಾರ್ ಕೇಳುವ ಚರ್ಚಿನ ಒಂದು ಮುದ್ರಣ. ಅದನ್ನೇ ಹಿಡಿದು, ಡಬ್ಬಿಯನ್ನು ಲವೀಟಾ ಮಗುವಾಗಿದ್ದಾಗಿನ ಟವೆಲಿನಲ್ಲಿ ಸುತ್ತಿಕೊಂಡು ಗಂಡಹೆಂಡತಿ ಸುರತ್ಕಲ್‌ಗೆ ಹೋದರು.

ಡಾಕ್ಟರು ನಲವತ್ತರ ಆಸುಪಾಸಿನ, ಬೇಗ ಬೇಗ ಮಾತಾಡುವ ಹೆಂಗಸು. ಡಬ್ಬಿ ನೋಡಿ "ಅಯ್ಯೊ, ಎಷ್ಟು ಚಂದ ಉಂಟು ಇದು!" ಎಂದು ಬೊಂಡಾಸಿನ ಮುಖ ಸವರಿದರು. ಅವಿಲ್‌ರಿಂದ ಡಬ್ಬಿಯ ಮೂಲಕ ಐದು ನಿಮಿಷ, ಡಬ್ಬಿ ಇಲ್ಲದೆ ಐದು ನಿಮಿಷ ನುಡಿಸಿಕೊಂಡರು. ಚರ್ಚಿನ ಮುದ್ರಣವನ್ನೂ ಯಂತ್ರಕ್ಕೆ ಉಣಿಸಿದರು. ಪರದೆಯ ಮೇಲೆ ಮೂರು ಗೆರೆಗಳು ಮೂಡಿದವು. ಅವಿಲ್‌ರ ಎರಡು ಗೆರೆಗಳು ಒಂದರ ಮೇಲೊಂದು ಕೂತವು, ಚರ್ಚಿನ ಮುದ್ರಣದ್ದು ದೂರ ಉಳಿಯಿತು. ಡಾಕ್ಟರು ಪರದೆಯಿಂದ ಮುಖ ತಿರುಗಿಸಿದರು.

"ಪೊರ್ಬುಗಳೇ," ಎಂದರು. ಹಿರಿಯ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ಆ ಊರಿನ ಹಳೆಯ ಮಾತು ಅದು. "ಇದನ್ನು ದಿನಾ ನುಡಿಸ್ತಾ ಇದ್ದದ್ದು ಯಾರು?"

"ನಾನೇ. ಒಂದು ದಿನ ಕೂಡ ತಪ್ಪಿಸ್ಲಿಲ್ಲ ಮೇಡಂ," ಎಂದರು ಅವಿಲ್ ಹೆಮ್ಮೆಯಿಂದ.

"ಹಳದಿ ತಂತಿ ಕತ್ತರಿಸಿದ್ದೀರಲ್ಲ?"

ಅವಿಲ್ ಡಬ್ಬಿಯನ್ನು ಮೆಲ್ಲಗೆ ಬೋರಲು ಮಾಡಿ, ತಿರುಪುಗಳ ಮೇಲಿನ ಬಣ್ಣ ತೋರಿಸಿದರು.

ಡಾಕ್ಟರು ಕುರ್ಚಿ ಎಳೆದುಕೊಂಡು ಅವರ ಎದುರೇ ಕೂತರು. "ನೋಡಿ, ನೀವು ಕೇಳ್ಲಿಕ್ಕೆ ನುಡಿಸ್ತೀರಾ, ಕಲಿಸ್ಲಿಕ್ಕೆ ನುಡಿಸ್ತೀರಾ ಅಂತ ಮಣಿಗೆ ಗೊತ್ತಾಗುದಿಲ್ಲ. ನೀವು ಪತ್ರದಲ್ಲಿ ಬರೆದ ಹಾಗೆ ಮಗಳು ನುಡಿಸಿದ್ದು ನೂರನಲ್ವತ್ತು ಗಂಟೆ. ನೀವು ನುಡಿಸಿದ್ದು ಹತ್ತಿರ ಹತ್ತಿರ ಆರುನೂರು. ಹೊಸ ದಾರಿ ಬಿದ್ದ ಹಾಗೆ ಹಳೇ ದಾರಿ ಮುಚ್ಚಿ ಹೋಗ್ತದೆ. ಈಗ ಇದರಲ್ಲಿ ಇರುದು ನಿಮ್ಮ ಕೈ. ಅವಳದ್ದು ನೂರರಲ್ಲಿ ಆರು ಪಾಲು ಇರಬಹುದು, ಅಷ್ಟೆ."

"ನನ್ನನ್ನು ತೆಗೆದುಹಾಕ್ಲಿಕ್ಕೆ ಆಗುದಿಲ್ವಾ?" ಎಂದು ಅವಿಲ್ ಕೇಳಿದರು. "ನನ್ನದು ಬೇಡ ಮೇಡಂ. ನನ್ನದನ್ನೆಲ್ಲ ತೆಗೀರಿ."

"ಹಾಲಿಗೆ ನೀರು ಬೆರೆಸಿ ಆದ ಮೇಲೆ ನೀರನ್ನು ಮಾತ್ರ ತೆಗೀಲಿಕ್ಕೆ ಆಗ್ತದಾ ಪೊರ್ಬುಗಳೇ?"

"ಚರ್ಚಿನ ಮುದ್ರಣದಿಂದ ಪುನಃ ಕಲಿಸಿದ್ರೆ?"

"ಹೋಲಿಸಿ ನೋಡ್ಲಿಕ್ಕೆ ಅದು ಸಾಕು. ಕಲಿಸ್ಲಿಕ್ಕೆ ಗಿಟಾರಿನ ತಂತಿಯ ವಿದ್ಯುತ್ತೇ ಬೇಕು. ಅವಳ ಬೆರಳೇ ಬೇಕು."

ಅವಿಲ್ ಗ್ರೆಟ್ಟಾರ ಕಡೆ ತಿರುಗಿದರು. ಹೆಂಡತಿಯ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

"ನಿನಗೆ ಗೊತ್ತಿತ್ತಾ?"

"ಈಸ್ಟರಿನ ಹೊತ್ತಿಗೇ ಗೊತ್ತಾಯ್ತು," ಎಂದರು ಗ್ರೆಟ್ಟಾ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ. "ಮೂವತ್ತು ವರ್ಷ ನಿಮ್ಮ ಗಿಟಾರ್ ಕೇಳಿದ್ದೇನೆ. ಡಬ್ಬಿ ಹಳೇದಾಯ್ತು, ಹಾಗೆ ಅವಳು ಹೋಗ್ತಾ ಇದ್ದಾಳೆ ಅಂದುಕೊಂಡೆ. ನುಡಿಸಿದ್ದರಿಂದ ಹೋಗುದು ಅಂತ ನನಗೇನು ಗೊತ್ತು?"

"ಹೇಳಬಾರ್ದಿತ್ತಾ?"

"ಹೇಗೆ ಹೇಳುದು? ನೀವು ನಗ್ತಾ ಇದ್ರಿ. ಅವಳು ಹೋದ ಮೇಲೆ ನೀವು ನಗುದು ಆ ಒಂದು ಗಂಟೆ ಮಾತ್ರ."

ಅವಿಲ್ ಅತ್ತರು. ಹೊರಗಿನವರ ಎದುರು, ಪ್ರಯೋಗಾಲಯದ ಬಿಳಿ ಬೆಳಕಿನಲ್ಲಿ, ಮೂಗು ಸೋರಿಸಿಕೊಂಡು ಮಕ್ಕಳ ಹಾಗೆ ಅತ್ತರು. ಡಾಕ್ಟರು ಎದ್ದು ಹೋಗಿ ಕಿಟಕಿಯ ಬಳಿ ನಿಂತರು.

ಉಳಿದ ಆರು ಪಾಲನ್ನಾದರೂ ಉಳಿಸಬೇಕಿತ್ತು. ತಿರುಪುಳಿಯನ್ನು ಅವಿಲ್ ತಾವೇ ಹಿಡಿದರು. ಮೊದಲ ತಿರುಪು ತಿರುಗಿದಾಗ ಬೊಂಡಾಸಿನ ಒಂದು ಕೈ ಚಟ್ಟನೆ ಸೀಳಿ, ನೇರಳೆ ಚಕ್ಕೆಗಳು ಉದುರಿದವು. ಗ್ರೆಟ್ಟಾ ಕರವಸ್ತ್ರ ಒಡ್ಡಿ, ಒಂದು ಚಕ್ಕೆಯೂ ಕೆಳಗೆ ಬೀಳದಂತೆ ಹಿಡಿದುಕೊಂಡರು. ನಾಲ್ಕು ತಿರುಪು ಬಿಚ್ಚಿ ಮುಚ್ಚಳ ತೆಗೆದರೆ ಒಳಗೆ ಅವಿಲ್‌ರದ್ದೇ ಬೆಸುಗೆಗಳು, ಎಷ್ಟು ನುಣುಪು, ಎಷ್ಟು ಅಚ್ಚುಕಟ್ಟು! ಅವುಗಳ ನಡುವೆ ಅಕ್ಕಿಕಾಳಿನುದ್ದದ ಹಳದಿ ತಂತಿ. ಕತ್ತರಿಸಲು ಒಂದು ಕ್ಷಣ ಸಾಕಾಯಿತು.

ಡಾಕ್ಟರು ನಕಲು ತೆಗೆದುಕೊಟ್ಟರು. ಈಗ ಎಷ್ಟು ಬೇಕಾದರೂ ನುಡಿಸಬಹುದು, ಇನ್ನು ಏನೂ ಅಳಿಯುವುದಿಲ್ಲ ಎಂದರು. ಅವಿಲ್ ನುಡಿಸಿ ನೋಡಿದರು. ಬಂದರಿನಲ್ಲಿ ವೈರಿಂಗ್ ಮಾಡುವ ಒಬ್ಬ ವಯಸ್ಸಾದವನು ಕೀರ್ತನೆಯೊಂದನ್ನು ತಪ್ಪಿಲ್ಲದೆ ನುಡಿಸಿದ. ಆರು ಪಾಲು ಪರದೆಯ ಮೇಲೆ ಕಾಣುತ್ತಿತ್ತು, ಕಿವಿಗೆ ಕೇಳಲಿಲ್ಲ.

ಹೊರಡುವಾಗ ಡಾಕ್ಟರು ಬಾಗಿಲವರೆಗೆ ಬಂದರು. "ತಪ್ಪು ನನ್ನದೂ ಉಂಟು. ಹದಿನಾಲ್ಕನೆಯ ಅಂಶ ಯಾರು ಓದ್ತಾರೆ? ಇನ್ನು ತಂತಿಯ ವಿಷಯ ಮೊದಲನೆಯ ಸಾಲಿಗೆ ತರ್ತೇನೆ. ಬೇರೆ ಏನಾದರೂ ಬರೀಬೇಕಾ, ನೀವು ಹೇಳಿ."

ಅವಿಲ್ ಮೆಟ್ಟಿಲ ಮೇಲೆ ನಿಂತು ತಿರುಗಿದರು.

"ಹದಿಮೂರು ವರ್ಷ ಅವಳು ಪಕ್ಕದ ಕೋಣೆಯಲ್ಲಿ ನುಡಿಸಿದ್ಳು," ಎಂದರು. "ಒಂದೇ ಸಾಲು ನಲ್ವತ್ತು ಸಲ, ತಪ್ಪು ತಪ್ಪು. ನನಗೆ ಬೆಸುಗೆ ಹಾಕುವಾಗ ಅದು ಕಿರಿಕಿರಿ. ಕೂತಲ್ಲಿಂದಲೇ ಬೊಬ್ಬೆ ಹಾಕ್ತಿದ್ದೆ, ಬಾಗಿಲು ಹಾಕ್ಕೊ ಅಂತ. ಅವಳು ಒಂದು ಮಾತು ಎದುರಾಡದೆ ಹಾಕ್ಕೊಳ್ತಿದ್ಳು ಮೇಡಂ. ಅವಳ ಕೈಯನ್ನು ಡಬ್ಬಿಯಲ್ಲಿ ಹಾಕಿ ಇಡ್ಲಿಕ್ಕೆ ಅಷ್ಟು ಕಷ್ಟಪಟ್ಟೆ. ಎದ್ದು ಹೋಗಿ ಆ ಕೋಣೆಯಲ್ಲಿ ಒಂದು ಸಲ ಕೂತುಕೊಳ್ಲಿಲ್ಲ. ಅದನ್ನು ಬರೀರಿ."

ಮುಂದಿನ ವರ್ಷದ ಸೂಚನಾಪತ್ರದಲ್ಲಿ ಹಳದಿ ತಂತಿಯ ವಿಷಯ ದಪ್ಪಕ್ಷರದಲ್ಲಿ ಮೊದಲನೆಯ ಸಾಲಾಗಿ ಬಂತು. ಅವಿಲ್ ಬರೆಯಲು ಹೇಳಿದ ಎರಡನೆಯ ಸಾಲಿಗಾಗಿ ಡಾಕ್ಟರು ಬಹಳ ವಾದಿಸಿದರು. ಅದು ತಾಂತ್ರಿಕ ಸೂಚನೆಯಲ್ಲ, ಮಣಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಮಣಿ ತಯಾರಿಸುವವರು ಹೊಡೆದುಹಾಕಿದರು. ಹಾಗಾಗಿ ಅದು ಎಲ್ಲಿಯೂ ಅಚ್ಚಾಗಲಿಲ್ಲ, ಇಲ್ಲಿ ಮಾತ್ರ ಇದೆ. ಪಕ್ಕದ ಕೋಣೆಯಲ್ಲಿ ಯಾರಾದರೂ ತಪ್ಪು ತಪ್ಪಾಗಿ ನುಡಿಸುತ್ತಿದ್ದರೆ, ಕೈಯಲ್ಲಿರುವುದನ್ನು ಕೆಳಗಿಟ್ಟು ಹೋಗಿ ಕೂತುಕೊಳ್ಳಿ.